ಕೀಮೋ ನಡುವೆ 72 ಗಂಟೆ ಉಪವಾಸ ಮಾಡಿದರೆ ಇಮ್ಯೂನಿಟಿ ಹೊಸದಾಗುತ್ತೆ ಅಂತಾರೆ, ನಿಜಾನಾ?

ನೀಲಿಛತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಮಾಡಿ ಗಡ್ಡೆ ತೆಗೆದಿದ್ದಾರೆ. ಈಗ ಕೀಮೋ ನಡೆಯುತ್ತಿದೆ. ಮೊದಲ ದಿನ ಡ್ರಿಪ್‌ನಲ್ಲಿ ಆಕ್ಸಾಲಿಪ್ಲಾಟಿನ್, ಜೊತೆಗೆ 14 ದಿನ ಬೆಳಿಗ್ಗೆ ಸಂಜೆ ಕ್ಯಾಪೆಸಿಟಬಿನ್ ಮಾತ್ರೆ, ಒಂದು ವಾರ ಬಿಡುವು, ಮತ್ತೆ ಅದೇ. ಎರಡು ಸೈಕಲ್ ಮುಗಿದಿವೆ. ಮೂರನೆಯದಕ್ಕೆ ಇನ್ನು ಒಂಬತ್ತು ದಿನ ಇದೆ.

ಆಪರೇಷನ್‌ಗೆ ಮೊದಲು 58 ಕೆಜಿ ಇದ್ದಳು, ಈಗ 53. ವಾಚಿನ ಪಟ್ಟಿಗೆ ನಾನೇ ಸೂಜಿ ಕಾಯಿಸಿ ಎರಡು ತೂತು ಹೊಸದಾಗಿ ಹಾಕಿಕೊಟ್ಟೆ. ಫ್ರಿಜ್ ಬಾಗಿಲು ತೆಗೆಯೋದಕ್ಕೂ ಉಲನ್ ಗ್ಲೌಸ್ ಹಾಕಿಕೊಳ್ಳುತ್ತಾಳೆ, ತಣ್ಣಗಿರೋದು ಏನು ಮುಟ್ಟಿದರೂ ಬೆರಳಿಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತದಂತೆ.

ಹೋದ ವಾರ ಭಾವ ಒಂದು ವಿಡಿಯೋ ತೋರಿಸಿದರು. ಮೂರು ದಿನ ಬರೀ ನೀರು ಕುಡಿದು ಇದ್ದರೆ ಹಳೆಯ ಬಿಳಿ ರಕ್ತಕಣ ಎಲ್ಲ ಹೋಗಿ ಹೊಸದು ಹುಟ್ಟುತ್ತವೆ, ಇಮ್ಯೂನಿಟಿ ಪೂರ್ತಿ ರಿಪೇರಿ ಆಗುತ್ತದೆ, ಸಕ್ಕರೆ ಸಿಗದೆ ಕ್ಯಾನ್ಸರ್ ಕೋಶ ಸಾಯುತ್ತದೆ, ಇದಕ್ಕೆ ನೊಬೆಲ್ ಕೂಡ ಬಂದಿದೆ ಅಂತ ಅದರಲ್ಲಿ ಹೇಳುತ್ತಾರೆ. ಅಕ್ಕ ಅದನ್ನು ನಾಲ್ಕೈದು ಸಲ ನೋಡಿದ್ದಾಳೆ. ಮೂರನೇ ಸೈಕಲ್‌ಗೆ ಮೂರು ದಿನ ಮೊದಲೇ ಊಟ ಬಿಡುತ್ತೇನೆ ಅಂತಿದ್ದಾಳೆ. ಡಾಕ್ಟರಿಗೆ ಹೇಳಬೇಡ, ಬೈಯುತ್ತಾರೆ ಅಂತ ನನಗೆ ಹೇಳಿದ್ದಾಳೆ.

ಸುಮ್ನೆ "ಬೇಡ" ಅಂದರೆ ಅವಳು ಕೇಳೋದಿಲ್ಲ. ಅವಳು ಓದಿದವಳು, ಕಾರಣ ಕೇಳುತ್ತಾಳೆ. ಈ ವಿಡಿಯೋದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.


ಕೋಶಕಥೆ

ನೀಲಿಛತ್ರಿ ಅವರೇ, ನಾನು ಡಾಕ್ಟರ್ ಅಲ್ಲ. ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ನಲ್ಲಿದ್ದೇನೆ, ಈ ಪೇಪರ್‌ಗಳನ್ನು ಓದೋದು ನನ್ನ ದಿನದ ಕೆಲಸ.

ಆ ವಿಡಿಯೋ ಪೂರ್ತಿ ಸುಳ್ಳಲ್ಲ, ಕಷ್ಟ ಇರೋದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ನಿಮ್ಮ ಅಕ್ಕನಿಗೇ ಅದು ಹಿಡಿಸುತ್ತಿರಲಿಲ್ಲ.

ಮಾತು ಶುರುವಾದದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಾಲ್ಟರ್ ಲಾಂಗೋ ಅವರ ತಂಡದಿಂದ. 2008ರಲ್ಲಿ ಅವರು ಇಲಿಗಳನ್ನು ಎರಡು ದಿನ, ಎರಡೂವರೆ ದಿನ ಉಪವಾಸ ಇಟ್ಟು ಆಮೇಲೆ ಜೋರಾದ ಕೀಮೋ ಕೊಟ್ಟರು. ಉಪವಾಸ ಇದ್ದ ಇಲಿಗಳು ಔಷಧಿಯ ಹೊಡೆತವನ್ನು ಚೆನ್ನಾಗಿ ತಡೆದುಕೊಂಡವು. ಅವರ ವಿವರಣೆ ಹೀಗಿದೆ. ಊಟ ಸಿಗದಾಗ ಐಜಿಎಫ್-1 ಅನ್ನೋ ಬೆಳವಣಿಗೆಯ ಹಾರ್ಮೋನು ಇಳಿಯುತ್ತದೆ. ಆರೋಗ್ಯದ ಕೋಶಗಳು ಅದನ್ನು ಗಮನಿಸಿ ಬೆಳೆಯೋದನ್ನು ನಿಲ್ಲಿಸಿ ಬಾಗಿಲು ಹಾಕಿ ಕೂರುತ್ತವೆ. ಕ್ಯಾನ್ಸರ್ ಕೋಶಕ್ಕೆ ಆ ಮಾತು ಕೇಳಿಸೋದಿಲ್ಲ, ಅದು ಬೆಳೆಯುತ್ತಲೇ ಇರುತ್ತದೆ. ಕೀಮೋ ಬೆಳೆಯುತ್ತಿರುವ ಕೋಶಕ್ಕೆ ಜಾಸ್ತಿ ಹೊಡೆಯುತ್ತದೆ ಅಲ್ವಾ, ಹಾಗಾಗಿ ಪೆಟ್ಟು ಬೀಳಬೇಕಾದ ಕಡೆ ಬೀಳುತ್ತದೆ. ಐಡಿಯಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ ವಿಡಿಯೋದ "ಇಮ್ಯೂನಿಟಿ ಹೊಸದಾಗುತ್ತೆ" ಅನ್ನೋದು ಅದೇ ತಂಡದ 2014ರ ಪೇಪರ್‌ನಿಂದ ಬಂದದ್ದು. ಇಲಿಗಳಿಗೆ ಸತತವಾಗಿ ಕೀಮೋ ಕೊಟ್ಟು, ನಡುನಡುವೆ ಉಪವಾಸ ಮಾಡಿಸಿದರು. ಉಪವಾಸದಲ್ಲಿ ಬಿಳಿ ರಕ್ತಕಣ ಇಳಿದವು. ಮತ್ತೆ ಊಟ ಕೊಟ್ಟಾಗ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳು ಎದ್ದು ಹೊಸ ಕಣ ಮಾಡಿದವು. ಇದರ ಜೊತೆ ಕೆಲವೇ ಕೆಲವು ರೋಗಿಗಳ ರಕ್ತ ನೋಡಿದ್ದರು. 72 ಗಂಟೆ ಉಪವಾಸ ಮಾಡಿದವರಲ್ಲಿ ಕೀಮೋ ಆದ ಮೇಲೂ ಲಿಂಫೋಸೈಟ್ ಅನ್ನೋ ಬಿಳಿ ಕಣಗಳು ಅಷ್ಟಾಗಿ ಇಳಿದಿರಲಿಲ್ಲ. ವಿಡಿಯೋದವರಿಗೆ 72 ಅನ್ನೋ ಸಂಖ್ಯೆ ಸಿಕ್ಕಿದ್ದು ಇಲ್ಲಿಂದ. ಇದನ್ನೇ ನಂಬಿ ಯಾರೂ ಮನೆಯಲ್ಲಿ ಮಾಡಿಬಿಡುವಷ್ಟು ಗಟ್ಟಿ ಪುರಾವೆ ಅದಲ್ಲ.

ಇಲಿಯ ಎರಡು ದಿನ ಬೇರೆ, ಮನುಷ್ಯನ ಎರಡು ದಿನ ಬೇರೆ. ಎರಡು ದಿನ ಊಟ ಇಲ್ಲದಿದ್ದರೆ ಇಲಿಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೋಗುತ್ತದೆ. ನಿಮ್ಮ ಅಕ್ಕನ ಲೆಕ್ಕದಲ್ಲಿ ಹೇಳಿದರೆ ಹತ್ತು ಕೆಜಿಗಿಂತ ಜಾಸ್ತಿ. ಇಲಿಯಲ್ಲಿ ಕಂಡ ಬದಲಾವಣೆಯ ಹಿಂದೆ ಅಷ್ಟು ದೊಡ್ಡ ಹೊಡೆತ ಇದೆ.

ಇನ್ನೊಂದು ವಿಷಯ. ರಕ್ತದಲ್ಲಿ ಬಿಳಿ ಕಣ ಇಳಿಯಿತು ಅಂದರೆ ಅವೆಲ್ಲ ಸತ್ತವು ಅಂತ ಅಲ್ಲ. ಎಷ್ಟೋ ಕಣಗಳು ಸುಮ್ಮನೆ ಜಾಗ ಬದಲಾಯಿಸುತ್ತವೆ. 2023ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನೈ ತಂಡದವರು ತೋರಿಸಿದ್ದು ಇದನ್ನೇ. ಇಲಿ ಉಪವಾಸ ಇದ್ದಾಗ ಮಾನೊಸೈಟ್ ಅನ್ನೋ ಬಿಳಿ ಕಣಗಳು ರಕ್ತ ಬಿಟ್ಟು ಮೂಳೆಮಜ್ಜೆಗೆ ವಾಪಸ್ ಹೋಗಿ ಕೂತವು. ಊಟ ಕೊಟ್ಟ ತಕ್ಷಣ ಒಟ್ಟಿಗೆ ನುಗ್ಗಿ ಹೊರಗೆ ಬಂದವು. ಆದರೆ ಬಂದವು ಹೊಸ ಕಣಗಳಲ್ಲ, ವಯಸ್ಸಾದ ಕಣಗಳು, ಉರಿಯೂತ ಜಾಸ್ತಿ ಮಾಡುವಂಥವು. ಆ ಹೊತ್ತಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿಸಿದರೆ ಉಪವಾಸ ಮಾಡಿದ್ದ ಇಲಿಗಳ ಪಾಡೇ ಜಾಸ್ತಿ ಕೆಟ್ಟದಾಯಿತು. ಕೀಮೋದಲ್ಲಿ ನಾವು ಹೆದರೋದೇ ಸೋಂಕಿಗೆ ಅಲ್ವಾ?

ಒಳ್ಳೆಯ ಸುದ್ದಿಯನ್ನೂ ಬಚ್ಚಿಡಬಾರದು. 2024ರಲ್ಲಿ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯವರು ವಾರಕ್ಕೆ ಎರಡು ಸಲ 24 ಗಂಟೆ ಉಪವಾಸ ಇಟ್ಟ ಇಲಿಗಳಲ್ಲಿ ಎನ್‌ಕೆ ಕೋಶಗಳು (ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಒಂದು ಬಗೆಯ ಬಿಳಿ ಕಣ) ಕೊಬ್ಬನ್ನೇ ಇಂಧನ ಮಾಡಿಕೊಂಡು ಗಡ್ಡೆಯ ಒಳಗೂ ಚುರುಕಾಗಿ ಇರುವುದನ್ನು ಕಂಡರು. ಅದೇ ವರ್ಷ ಎಂಐಟಿಯವರು ಬೇರೆಯದೇ ಒಂದನ್ನು ಕಂಡರು. ಉಪವಾಸ ಮುರಿದು ಮತ್ತೆ ತಿನ್ನುವ ಹೊತ್ತಿನಲ್ಲಿ ಕರುಳಿನ ಸ್ಟೆಮ್ ಸೆಲ್‌ಗಳು ತುಂಬಾ ವೇಗವಾಗಿ ಬೆಳೆಯುತ್ತವೆ, ಕ್ಯಾನ್ಸರ್ ತರುವ ಬದಲಾವಣೆ ಅದೇ ಹೊತ್ತಿಗೆ ಆದರೆ ಇಲಿಗಳ ಕರುಳಲ್ಲಿ ಗಡ್ಡೆ ಜಾಸ್ತಿ. ಇದೂ ಇಲಿ, ಹಾಗಾಗಿ ಅಕ್ಕನನ್ನು ಹೆದರಿಸಬೇಡಿ. ಆದರೆ ಉಪವಾಸ ಅಂದರೆ ಬರೀ ಒಳ್ಳೆಯದೇ ಆಗುವ ಒಂದು ಸ್ವಿಚ್ ಅಂತ ವಿಡಿಯೋ ಹೇಳುತ್ತದಲ್ಲ, ಅದು ಹಾಗಿಲ್ಲ.

ನೊಬೆಲ್ ವಿಷಯ: 2016ರಲ್ಲಿ ಯೋಶಿನೋರಿ ಒಸುಮಿ ಅವರಿಗೆ ಬಂದದ್ದು ಆಟೋಫೇಜಿಗೆ. ಅಂದರೆ ಕೋಶ ತನ್ನದೇ ಹಳೆ ಸಾಮಾನನ್ನು ಕರಗಿಸಿ ಮತ್ತೆ ಬಳಸುವ ಕ್ರಿಯೆ. ಅವರು ಅದನ್ನು ಬಿಡಿಸಿದ್ದು ಯೀಸ್ಟ್‌ನಲ್ಲಿ. ಉಪವಾಸದಿಂದ ಕ್ಯಾನ್ಸರ್ ವಾಸಿ ಅಂತ ಯಾರಿಗೂ ನೊಬೆಲ್ ಬಂದಿಲ್ಲ. ಈಗಾಗಲೇ ಬೆಳೆದ ಕ್ಯಾನ್ಸರ್ ಕೋಶ ಕೂಡ ಕಷ್ಟಕಾಲದಲ್ಲಿ ಬದುಕಿ ಉಳಿಯೋಕೆ ಅದೇ ಆಟೋಫೇಜಿಯನ್ನು ಬಳಸಿಕೊಳ್ಳುತ್ತದೆ.

ಸಕ್ಕರೆ ಮಾತೂ ಅಷ್ಟೇ. ಕ್ಯಾನ್ಸರ್ ಕೋಶ ಗ್ಲೂಕೋಸ್ ಜಾಸ್ತಿ ನುಂಗುತ್ತದೆ ಅಂತ ಒಟ್ಟೋ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡಿದ್ದರು, ಅದು ನಿಜ. ಆದರೆ ನೀವು ಮೂರು ದಿನ ಏನೂ ತಿನ್ನದಿದ್ದರೂ ರಕ್ತದ ಸಕ್ಕರೆ ಸೊನ್ನೆ ಆಗೋದಿಲ್ಲ. ಸೊನ್ನೆ ಆಗಿಬಿಟ್ಟರೆ ಮೆದುಳೇ ನಿಂತುಹೋಗುತ್ತದೆ. ಲಿವರ್‌ನ ದಾಸ್ತಾನು ಒಂದು ದಿನದ ಸುಮಾರಿಗೆ ಖಾಲಿಯಾಗುತ್ತದೆ, ಆಮೇಲೆ ದೇಹ ಸ್ನಾಯುವನ್ನು ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಗಡ್ಡೆಗೂ ಅದರಲ್ಲಿ ಪಾಲು ಸಿಗುತ್ತದೆ. ಕೊಡೋರು ಯಾರು? ನಿಮ್ಮ ಅಕ್ಕನ ತೊಡೆ, ತೋಳು.


ಐದುದಿನ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನು ಮೂರು ವರ್ಷದಿಂದ ವರ್ಷಕ್ಕೆ ಎರಡು ಸಲ ಐದು ದಿನದ ಉಪವಾಸ ಮಾಡುತ್ತಿದ್ದೇನೆ. ಮೂರನೇ ದಿನ ತಲೆ ಎಷ್ಟು ಹಗುರ ಆಗುತ್ತದೆ ಅಂದರೆ ಮಾಡಿದವರಿಗೇ ಗೊತ್ತು. ಎರಡು ವರ್ಷದಿಂದ ನೆಗಡಿ ಇಲ್ಲ. ದೇಹಕ್ಕೆ ತನ್ನನ್ನು ತಾನೇ ಸರಿ ಮಾಡಿಕೊಳ್ಳೋ ಶಕ್ತಿ ಇದೆ, ನಾವು ದಿನವಿಡೀ ತಿಂದು ಅದಕ್ಕೆ ಬಿಡುವು ಕೊಡೋದಿಲ್ಲ. ಜ್ವರ ಬಂದಾಗ ಪ್ರಾಣಿಗಳು ಊಟ ಬಿಡುತ್ತವೆ ಅಲ್ವಾ?

ಮನುಷ್ಯರ ಮೇಲೆ ಏನೂ ಆಗಿಲ್ಲ ಅನ್ನೋದೂ ಸರಿಯಲ್ಲ. ನೆದರ್ಲೆಂಡ್ಸ್‌ನಲ್ಲಿ ಸ್ತನ ಕ್ಯಾನ್ಸರ್ ಇದ್ದವರ ಮೇಲೆ ಮಾಡಿದ್ದಾರೆ, ಗಡ್ಡೆ ಚೆನ್ನಾಗಿ ಕುಗ್ಗಿದೆ. ಜರ್ಮನಿಯಲ್ಲಿ 60 ಗಂಟೆ ಉಪವಾಸ ಮಾಡಿದವರಿಗೆ ಸುಸ್ತು ಕಮ್ಮಿ ಆಗಿದೆ. ಊಟ ಬಿಡೋದಕ್ಕೆ ದುಡ್ಡು ಬೇಕಿಲ್ಲ, ಹಾಗಾಗಿ ಔಷಧಿ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಅಕ್ಕನಿಗೆ ಮನಸ್ಸಿದ್ದರೆ ತಡೆಯಬೇಡಿ ಅನ್ನೋದು ನನ್ನ ಮಾತು.


ಕೋಶಕಥೆ

ಐದುದಿನ ಅವರೇ, ನಿಮಗೆ ಒಳ್ಳೆಯದಾಗಿದ್ದರೆ ಸಂತೋಷ. ನೀವು ಆರೋಗ್ಯವಾಗಿದ್ದೀರಿ, ಹೋದ ತೂಕ ಎರಡು ವಾರದಲ್ಲಿ ವಾಪಸ್ ಬರುತ್ತದೆ. ಇಲ್ಲಿ ಕೇಳುತ್ತಿರೋದು ಕರುಳಿನ ಆಪರೇಷನ್ ಆಗಿ ಐದು ಕೆಜಿ ಕಳೆದುಕೊಂಡವರ ವಿಷಯ. ನೆಗಡಿ ಬರಲಿಲ್ಲ ಅನ್ನೋದು ಸಾವಿರ ಕಾರಣಕ್ಕೆ ಇರಬಹುದು, ಅದನ್ನು ಇನ್ನೊಬ್ಬರ ಕೀಮೋಗೆ ಅಳತೆಕೋಲು ಮಾಡೋಕಾಗೋದಿಲ್ಲ.

ನೀವು ಹೇಳಿದ ಎರಡೂ ಅಧ್ಯಯನ ಇವೆ. ಡಚ್ ಅಧ್ಯಯನದ ಹೆಸರು ಡೈರೆಕ್ಟ್, 2020ರಲ್ಲಿ ಬಂತು, 131 ಮಹಿಳೆಯರು. ಅವರು ಮಾಡಿದ್ದು ನೀರು ಉಪವಾಸ ಅಲ್ಲ. ಕೀಮೋಗೆ ಮೂರು ದಿನ ಮುಂಚೆ ಮತ್ತು ಕೀಮೋ ದಿನ, ತುಂಬಾ ಕಡಿಮೆ ಕ್ಯಾಲರಿಯ, ಕಡಿಮೆ ಪ್ರೋಟೀನಿನ, ಅಳೆದು ಕೊಟ್ಟ ಆಹಾರ. ಉಪವಾಸವನ್ನು ಅನುಕರಿಸುವ ಆಹಾರ ಅಂತಾರೆ. ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿದ್ದು ಆ ಗುಂಪಿನಲ್ಲಿ ಜಾಸ್ತಿ, ನಿಜ. ಆದರೆ ಆಪರೇಷನ್ ಮಾಡಿ ನೋಡಿದಾಗ ಗಡ್ಡೆ ಪೂರ್ತಿ ಮಾಯವಾದವರು ಎರಡೂ ಗುಂಪಿನಲ್ಲಿ ಹೆಚ್ಚು ಕಮ್ಮಿ ಅಷ್ಟೇ ಇದ್ದರು. ಅಡ್ಡಪರಿಣಾಮದಲ್ಲೂ ವ್ಯತ್ಯಾಸ ಕಾಣಲಿಲ್ಲ. ಉಪವಾಸದ ಗುಂಪಿಗೆ ಡೆಕ್ಸಾಮೆಥಸೋನ್ (ವಾಂತಿ ತಡೆಯೋಕೆ ಕೀಮೋ ಜೊತೆ ಕೊಡುವ ಸ್ಟೀರಾಯ್ಡ್) ಕೊಡದೆಯೂ ಅಡ್ಡಪರಿಣಾಮ ಏರಲಿಲ್ಲ ಅನ್ನೋದು ಅದರ ಪರವಾಗಿ ಹೇಳಬಹುದಾದ ಮಾತು, ಅದನ್ನು ಒಪ್ಪುತ್ತೇನೆ. ಆದರೆ ಎಲ್ಲ ಸೈಕಲ್‌ನಲ್ಲೂ ಆ ಆಹಾರವನ್ನು ಪಾಲಿಸಿದವರು ಐದರಲ್ಲಿ ಒಬ್ಬರು ಮಾತ್ರ. ಡಾಕ್ಟರು, ಡಯಟೀಶಿಯನ್ನು ಎಲ್ಲ ಜೊತೆಗಿದ್ದೂ ಅಷ್ಟೇ.

ಜರ್ಮನಿಯದು 2018ರದ್ದು, 34 ಮಹಿಳೆಯರು. ಕೀಮೋ ದಿನಗಳು ಸ್ವಲ್ಪ ಹಗುರಾದವು ಅನ್ನೋದು ಅವರೇ ತುಂಬಿದ ಪ್ರಶ್ನಾವಳಿಯ ಲೆಕ್ಕ. ತಾನು ಉಪವಾಸದಲ್ಲಿದ್ದೇನೆ ಅಂತ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ, ಇದನ್ನು ಮುಚ್ಚಿಟ್ಟು ಮಾಡೋಕೆ ಬರೋದಿಲ್ಲ. ನಂಬಿಕೆಯಿಂದ ಬಂದ ಹಗುರ ಎಷ್ಟು, ಉಪವಾಸದಿಂದ ಬಂದದ್ದು ಎಷ್ಟು ಅಂತ ಬೇರೆ ಮಾಡೋದು ಕಷ್ಟ.

ದುಡ್ಡಿನ ಮಾತು ಹೇಳಿದಿರಿ. ಆ ಉಪವಾಸದ ಆಹಾರದ ಪ್ಯಾಕೆಟ್ ಮಾರುವ ಕಂಪನಿಯನ್ನು ಶುರು ಮಾಡಿದ್ದು ಲಾಂಗೋ ಅವರೇ. ಅದರಿಂದ ಅವರ ವಿಜ್ಞಾನ ಕೆಟ್ಟದಾಗೋದಿಲ್ಲ. ಆದರೆ ಇದರಲ್ಲಿ ಯಾರಿಗೂ ಆಸಕ್ತಿ ಇಲ್ಲ ಅನ್ನೋದು ಸರಿಯಲ್ಲ.

ನೀಲಿಛತ್ರಿ ಅವರೇ, ನಿಮ್ಮ ಅಕ್ಕನ ವಿಷಯದಲ್ಲಿ ನನಗೆ ಮುಖ್ಯ ಅನಿಸೋದು ಇದು. ಅವರ ಗಡ್ಡೆ ಈಗಾಗಲೇ ತೆಗೆದಿದ್ದಾರೆ. ಈಗಿನ ಕೀಮೋ ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕೋಶಗಳಿಗೆ. ಹಾಗಾಗಿ ಉಪವಾಸ ಕೆಲಸ ಮಾಡಿತೋ ಇಲ್ಲವೋ ಅಂತ ಯಾವ ಸ್ಕ್ಯಾನ್‌ನಲ್ಲೂ ನೋಡೋಕಾಗೋದಿಲ್ಲ. ಕಳೆದುಕೊಂಡದ್ದು ಮಾತ್ರ ತೂಕದ ಯಂತ್ರದಲ್ಲಿ ಕಾಣುತ್ತದೆ.


ಮತ್ತೆಬೆಳಕು

ನಾನು ಲಿಂಫೋಮಾ ಅನ್ನೋ ಕ್ಯಾನ್ಸರಿನಿಂದ ಎದ್ದು ಬಂದವನು. ಆರು ಕೀಮೋ ಆಯಿತು. ನಿಮ್ಮ ಅಕ್ಕ ಮಾಡಬೇಕು ಅಂತಿರೋದನ್ನೇ ನಾನು ಮಾಡಿದ್ದೆ, ಡಾಕ್ಟರಿಗೆ ಹೇಳದೆ.

ಮೂರನೇ ಕೀಮೋಗೆ ಮುಂಚೆ 48 ಗಂಟೆ ನೀರು ಮಾತ್ರ. ಸುಳ್ಳು ಹೇಳೋದಿಲ್ಲ, ಆ ಸಲ ವಾಂತಿ ಕಮ್ಮಿ ಇತ್ತು. ನನಗೆ ಎಷ್ಟು ಧೈರ್ಯ ಬಂತು ಅಂದರೆ ನಾಲ್ಕನೆಯದಕ್ಕೂ ಮಾಡಿದೆ. ನಮ್ಮ ಕೀಮೋದಲ್ಲಿ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆ ಇರುತ್ತದೆ, ದಿನಕ್ಕೆ 100 ಮಿಲಿಗ್ರಾಂ. ಅದನ್ನು ಊಟ ಆದ ಮೇಲೆ ತಗೋಬೇಕು. ನಾನು ಇನ್ನೂ ಒಂದು ದಿನ ಉಪವಾಸ ಎಳೆಯೋಣ ಅಂತ ಖಾಲಿ ಹೊಟ್ಟೆಗೆ ನುಂಗಿದೆ. ಎದೆ ಹೊಟ್ಟೆ ಎಲ್ಲ ಬೆಂಕಿ. ರಾತ್ರಿ ಬಾತ್‌ರೂಮಿಗೆ ಎದ್ದವನು ಕಣ್ಣು ಕತ್ತಲೆ ಬಂದು ಬಿದ್ದೆ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಹತ್ತನೇ ದಿನ ಜ್ವರ, ಬಿಳಿ ಕಣದ ಕೌಂಟ್ ನೆಲ ಕಚ್ಚಿತ್ತು, ಆರು ದಿನ ಅಡ್ಮಿಟ್. ಐದನೇ ಕೀಮೋ ಮುಂದಕ್ಕೆ ಹೋಯಿತು.

ಕೌಂಟ್ ಇಳಿದದ್ದು ಉಪವಾಸದಿಂದಲೇ ಅಂತ ಹೇಳೋಕೆ ಬರೋದಿಲ್ಲ, ಕೀಮೋದಲ್ಲಿ ಅದು ಹೇಗೂ ಆಗುತ್ತದೆ. ಆದರೆ ಡ್ಯೂಟಿ ಡಾಕ್ಟರ್ ಬಂದು "ಊಟ ಸರಿಯಾಗಿ ಮಾಡ್ತಿದ್ದೀರಾ" ಅಂತ ಕೇಳಿದಾಗ ನಾನು "ಹೂಂ" ಅಂದೆ. ಅಷ್ಟು ಜ್ವರದಲ್ಲೂ ಸುಳ್ಳು ಹೇಳಿದೆ. ಅವರು ಅದನ್ನು ನಂಬಿ ಬರೆದುಕೊಂಡರು. ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಯಾಕೆಂದರೆ ಅವರು ಔಷಧಿ ಡೋಸ್ ಲೆಕ್ಕ ಹಾಕುತ್ತಿದ್ದದ್ದು ನಾನು ಹೇಳಿದ ಮಾತಿನ ಮೇಲೆ.

ಇನ್ನೊಂದು ನೋಡಿ. ಆ ಎರಡು ಉಪವಾಸದ ನಂತರ ಕುರ್ಚಿಯಿಂದ ಏಳೋಕೆ ನನಗೆ ಎರಡೂ ಕೈ ಊರಬೇಕಾಗುತ್ತಿತ್ತು. ಕೈ ಊರದೆ ಏಳೋಕೆ ಕೀಮೋ ಮುಗಿದು ಐದು ತಿಂಗಳು ಬೇಕಾಯಿತು. ಹೋಗೋದು ಎರಡು ದಿನದಲ್ಲಿ, ಬರೋದು ತಿಂಗಳುಗಟ್ಟಲೆ.

ಅಕ್ಕನಿಗೆ ಹೇಳಿ, ಏನೇ ಮಾಡಿದರೂ ಡಾಕ್ಟರಿಗೆ ಗೊತ್ತಿರಲಿ. ಬೈಸಿಕೊಂಡರೆ ಬೈಸಿಕೊಳ್ಳಲಿ.


ಊಟದಲೆಕ್ಕ

ಕ್ಯಾನ್ಸರ್ ವಾರ್ಡಿನಲ್ಲಿ ಡಯಟೀಶಿಯನ್ ಆಗಿ ಹನ್ನೊಂದು ವರ್ಷ ಆಯಿತು. ಮೊದಲು ಒಂದು ವಿಷಯ, ಇದು ಬೇರೆ ಯಾರೂ ಹೇಳಲಿಲ್ಲ. ಕ್ಯಾಪೆಸಿಟಬಿನ್ ಮಾತ್ರೆಯನ್ನು ಊಟ ಆದ 30 ನಿಮಿಷದ ಒಳಗೆ ತಗೋಬೇಕು. ಆ ಔಷಧಿಯನ್ನು ಪರೀಕ್ಷೆ ಮಾಡಿ ಡೋಸ್ ನಿಗದಿ ಮಾಡಿದ್ದೇ ಊಟದ ಜೊತೆ. ಊಟ ಇಲ್ಲದಿದ್ದರೆ ಅದು ಮೈಗೆ ಸೇರುವ ವೇಗವೇ ಬೇರೆ. ಸೈಕಲ್‌ಗೆ ಮೊದಲಿನ ಮೂರು ದಿನ ಬಿಡುವಿನ ವಾರದಲ್ಲಿ ಬರುತ್ತದೆ, ಮಾತ್ರೆ ಇರೋದಿಲ್ಲ, ಸರಿ. ಆದರೆ ಉಪವಾಸ ಕೀಮೋ ದಿನಕ್ಕೂ ಎಳೆಯುವವರೇ ಜಾಸ್ತಿ, ಮತ್ತೆಬೆಳಕು ಅವರು ಎಳೆದ ಹಾಗೆ. ಅವತ್ತೇ ಮಾತ್ರೆ ಶುರು. ಆಗ ಏನು ಮಾಡುತ್ತಾರೆ ನಿಮ್ಮ ಅಕ್ಕ?

ಇನ್ನು ತೂಕ. 58ರಿಂದ 53 ಅಂದರೆ ಶೇ. 8.6 ಹೋಗಿದೆ. ಆರು ತಿಂಗಳಲ್ಲಿ ಶೇ. 5ಕ್ಕಿಂತ ಜಾಸ್ತಿ ಹೋದರೆ ನಾವು ಕೆಂಪು ಗೆರೆ ಎಳೆಯುತ್ತೇವೆ. ಕ್ಯಾಕೆಕ್ಸಿಯಾ ಅಂತ ಒಂದು ಸ್ಥಿತಿ ಇದೆ, ಕ್ಯಾನ್ಸರಿನಲ್ಲಿ ಸ್ನಾಯು ತಾನಾಗೇ ಕರಗುತ್ತಾ ಹೋಗೋದು. ಅದು ಶುರುವಾದರೆ ಬರೀ ಊಟ ಕೊಟ್ಟು ವಾಪಸ್ ತರೋಕೆ ಆಗೋದಿಲ್ಲ. ಸ್ನಾಯು ಕಮ್ಮಿ ಇದ್ದವರಿಗೆ ಅದೇ ಡೋಸ್ ಕೀಮೋ ಜಾಸ್ತಿ ಕಚ್ಚುತ್ತದೆ, ಡೋಸ್ ಇಳಿಸಬೇಕಾಗುತ್ತದೆ, ಸೈಕಲ್ ಮುಂದೂಡಬೇಕಾಗುತ್ತದೆ. ಯಾವುದನ್ನು ಜೋರು ಮಾಡೋಕೆ ಉಪವಾಸ ಹೊರಟರೋ ಅದೇ ಕೀಮೋ ಮೆತ್ತಗಾಗುತ್ತದೆ.

ಯುರೋಪಿನ ಪೌಷ್ಟಿಕತೆ ತಜ್ಞರ ಸಂಘದ ಸಲಹೆ ಪ್ರಕಾರ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 25ರಿಂದ 30 ಕ್ಯಾಲರಿ ಬೇಕು. ಪ್ರೋಟೀನ್ 1 ಗ್ರಾಂಗಿಂತ ಜಾಸ್ತಿ, ಸಾಧ್ಯವಾದರೆ 1.5 ಗ್ರಾಂವರೆಗೆ. 53 ಕೆಜಿಗೆ ಲೆಕ್ಕ ಹಾಕಿ. ದಿನಕ್ಕೆ 1,325ರಿಂದ 1,590 ಕ್ಯಾಲರಿ, 53ರಿಂದ 80 ಗ್ರಾಂ ಪ್ರೋಟೀನ್. ಮೂರು ದಿನ ಬಿಟ್ಟರೆ ಸುಮಾರು 4,000ದಿಂದ 4,800 ಕ್ಯಾಲರಿ ಹೋಯಿತು, ಪ್ರೋಟೀನ್ 160ರಿಂದ 240 ಗ್ರಾಂ ಹೋಯಿತು. ಇದನ್ನು ಎಂಟು ಸೈಕಲ್ ಮಾಡಿದರೆ? ವಾಕರಿಕೆ ಇರುವವರು ಹೋದದ್ದನ್ನು ನಡುವಿನ ದಿನಗಳಲ್ಲಿ ತಿಂದು ತುಂಬಿಸಿಕೊಳ್ಳೋದು ನಾನು ನೋಡಿದ ಮಟ್ಟಿಗೆ ತುಂಬಾ ಕಷ್ಟ.

ಬಿಳಿ ರಕ್ತಕಣ ಯಾವುದರಿಂದ ಆಗುತ್ತದೆ ಹೇಳಿ? ಪ್ರೋಟೀನಿನಿಂದಲೇ. ಬೋನ್ ಮ್ಯಾರೋ ಕೀಮೋ ಪೆಟ್ಟಿನಿಂದ ಎದ್ದು ಹೊಸ ಕಣ ಮಾಡಬೇಕಾದ ಹೊತ್ತಿಗೆ ಸಾಮಾನು ಸರಬರಾಜು ನಿಲ್ಲಿಸಬಾರದು. ಕೌಂಟ್ ತುಂಬಾ ಇಳಿದರೆ ಅದಕ್ಕೆ ಇಂಜೆಕ್ಷನ್ ಇದೆ, ಫಿಲ್‌ಗ್ರಾಸ್ಟಿಮ್ ಅಂತ, ಮ್ಯಾರೋವನ್ನು ಎಬ್ಬಿಸೋಕೆ ಅಂತಲೇ ಮಾಡಿದ್ದು. ಅಕ್ಕನ ಡಾಕ್ಟರ್ ಹತ್ತಿರ ಅದು ಇದ್ದೇ ಇರುತ್ತದೆ.

ಐದುದಿನ ಅವರಿಗೂ ಒಂದು ಮಾತು. ಐದು ದಿನ ಮಾಡಿ ಒಮ್ಮೆಲೇ ಹೊಟ್ಟೆ ತುಂಬ ತಿನ್ನಬೇಡಿ. ಊಟ ಒಳಗೆ ಹೋದಾಗ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಕೋಶಗಳ ಒಳಗೆ ನುಗ್ಗಿಬಿಡುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತವೇ ತಪ್ಪಬಹುದು. ರೀಫೀಡಿಂಗ್ ಸಿಂಡ್ರೋಮ್ ಅನ್ನೋದು ಇದನ್ನೇ. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದವರಿಗೆ, ಮೊದಲೇ ಸೊರಗಿದವರಿಗೆ ಅಪಾಯ ಜಾಸ್ತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು, ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುವ ಮಾತ್ರೆ ನುಂಗುವವರು ಇದನ್ನು ಓದಿ ಉಪವಾಸಕ್ಕೆ ಕೂರಬೇಡಿ, ದಯವಿಟ್ಟು.


ಐದುದಿನ

ಮಾತ್ರೆ ಊಟದ ಜೊತೆಗೇ ಅನ್ನೋದು ನನಗೆ ಗೊತ್ತಿರಲಿಲ್ಲ. "ತಡೆಯಬೇಡಿ" ಅಂದದ್ದನ್ನು ವಾಪಸ್ ತಗೊಳ್ಳುತ್ತೇನೆ. ನನಗೆ ಉಪವಾಸದ ಮೇಲೆ ನಂಬಿಕೆ ಇದೆ, ಅದು ಇರುತ್ತದೆ. ಆದರೆ 53 ಕೆಜಿಗೆ ಇಳಿದವರಿಗೆ ನಾನು ಹೇಳಬಾರದಿತ್ತು.

ಒಂದು ಪ್ರಶ್ನೆ, ಜಗಳಕ್ಕಲ್ಲ. ಕೀಮೋನೇ ಬೇಡ ಅಂತ ಬಿಟ್ಟು ಉಪವಾಸ, ಜ್ಯೂಸ್ ಅಂತ ಮಾಡಿ ವಾಸಿ ಆದವರ ಕಥೆ ಎಷ್ಟೊಂದು ಇವೆಯಲ್ಲ?


ಕೋಶಕಥೆ

ಕಥೆ ಹೇಳೋಕೆ ಉಳಿದವರ ಕಥೆ ಮಾತ್ರ ನಮಗೆ ಸಿಗುತ್ತದೆ. 2018ರಲ್ಲಿ ಯೇಲ್‌ನವರು ಅಮೆರಿಕದ ಕ್ಯಾನ್ಸರ್ ದಾಖಲೆಗಳಲ್ಲಿ ಇದನ್ನು ಹುಡುಕಿದರು. ವಾಸಿಯಾಗಬಹುದಾದ ಹಂತದಲ್ಲಿದ್ದೂ ಮಾಮೂಲಿ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ದಾರಿ ಹಿಡಿದ 281 ಜನ. ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ನಾಲ್ಕು ಪಟ್ಟಿಗೂ ಜಾಸ್ತಿ. ಅದರಲ್ಲಿ ಉಪವಾಸ ಮಾಡಿದವರೆಷ್ಟು ಅಂತ ಬೇರೆ ಲೆಕ್ಕ ಇಲ್ಲ. ಆದರೆ ಚಿಕಿತ್ಸೆ ಬಿಡೋದರ ಬೆಲೆ ಏನು ಅಂತ ಗೊತ್ತಾಗುತ್ತದೆ.

ನಿಮ್ಮ ಮೊದಲ ಪೋಸ್ಟಿನ ಪ್ರಾಣಿಗಳ ಮಾತು ಒಳ್ಳೆಯ ಪ್ರಶ್ನೆ, ಅದಕ್ಕೆ ನಾನು ಉತ್ತರಿಸಿರಲಿಲ್ಲ. ಜ್ವರದಲ್ಲಿ ಹಸಿವು ಸಾಯೋದಕ್ಕೆ ಕಾರಣ ಇದೆ, ಕೆಲವು ಸೋಂಕಿನಲ್ಲಿ ಅದು ಸಹಾಯ ಮಾಡುತ್ತದೆ, ಕೆಲವದರಲ್ಲಿ ತೊಂದರೆ ಕೊಡುತ್ತದೆ. ಅದು ಒಂದೆರಡು ದಿನದ ಕಾಯಿಲೆಗೆ ದೇಹ ಕಂಡುಕೊಂಡ ದಾರಿ. ಆರು ತಿಂಗಳ ಕೀಮೋ ಅದಕ್ಕೆ ಗೊತ್ತಿಲ್ಲ.


ನೀಲಿಛತ್ರಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ಇಡೀ ಥ್ರೆಡ್ ಅಕ್ಕನ ಪಕ್ಕ ಕೂತು ಓದಿದೆ. ಮತ್ತೆಬೆಳಕು ಅವರು ಬರೆದದ್ದನ್ನು ಅವಳೇ ಫೋನ್ ತಗೊಂಡು ಮತ್ತೆ ಓದಿದಳು. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ನೋಡಿದಳು. ಎದ್ದಳು, ಆದರೆ ಎರಡನೇ ಸಲಕ್ಕೆ.

ಇವತ್ತು ಬೆಳಿಗ್ಗೆ ಅವಳೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಬೈಯಲಿಲ್ಲ. ನಿಮ್ಮ ತೂಕಕ್ಕೆ ಇದು ಬೇಡವೇ ಬೇಡ, ಆಸಕ್ತಿ ಇದ್ದರೆ ಅಧ್ಯಯನ ನಡೆಯುತ್ತಿರುವ ಕಡೆ ಸೇರೋ ಮಾತು ಬೇರೆ, ಅಲ್ಲೂ ಇಷ್ಟು ತೂಕ ಇಳಿದವರನ್ನು ತಗೊಳ್ಳೋದು ಕಷ್ಟ ಅಂದರಂತೆ. ಡಯಟೀಶಿಯನ್ ಹತ್ತಿರ ಕಳಿಸುತ್ತಿದ್ದಾರೆ. 100.4 ಡಿಗ್ರಿ ಜ್ವರ ಬಂದರೆ ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಬರಬೇಕು ಅಂತ ಮತ್ತೊಮ್ಮೆ ನೆನಪಿಸಿದರು.

ಆದರೆ ಫೋನ್ ಇಟ್ಟ ಮೇಲೆ ಅಕ್ಕ ಅತ್ತಳು. ಉಪವಾಸ ಬೇಡ ಅಂದದ್ದಕ್ಕಲ್ಲ. "ಎಲ್ಲರೂ ನನಗೆ ಏನೋ ಮಾಡ್ತಿದ್ದಾರೆ ಕಣೇ, ಕೊಯ್ದರು, ಚುಚ್ಚಿದರು, ನುಂಗಿಸಿದರು. ನಾನೇ ಮಾಡೋ ಅಂಥದ್ದು ಒಂದಾದರೂ ಇರಲಿ ಅಂತಿತ್ತು" ಅಂದಳು. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಆ ವಿಡಿಯೋ ಅವಳಿಗೆ ಕೊಟ್ಟದ್ದು ಅದನ್ನೇ ಇರಬೇಕು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.


ಊಟದಲೆಕ್ಕ

ನೀಲಿಛತ್ರಿ ಅವರೇ, ಇದನ್ನು ಬರೆದದ್ದು ಒಳ್ಳೆಯದಾಯಿತು. ಅಕ್ಕನಿಗೆ ಹೇಳೋಕೆ ನನ್ನ ಹತ್ತಿರ ಒಂದು ವಿಷಯ ಇದೆ, ಅದೂ ಅವರದೇ ಕಾಯಿಲೆಯದು, ಇಲಿಯದಲ್ಲ, ಮನುಷ್ಯರದು.

2025ರಲ್ಲಿ ಚಾಲೆಂಜ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಾದ ಆಸ್ಪತ್ರೆಗಳು. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ಕೀಮೋ ಮುಗಿಸಿದ 889 ಜನ. ಅರ್ಧ ಜನರಿಗೆ ವ್ಯಾಯಾಮದ ಪುಸ್ತಕ ಕೊಟ್ಟು ಕಳಿಸಿದರು. ಇನ್ನರ್ಧಕ್ಕೆ ಮೂರು ವರ್ಷ ಜೊತೆಗೆ ಒಬ್ಬರು ಇದ್ದು ವ್ಯಾಯಾಮ ಮಾಡಿಸಿದರು. ಐದು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು ಪುಸ್ತಕದ ಗುಂಪಿನಲ್ಲಿ ಶೇ. 73.9, ವ್ಯಾಯಾಮದ ಗುಂಪಿನಲ್ಲಿ ಶೇ. 80.3. ಎಂಟು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 83.2 ಮತ್ತು ಶೇ. 90.3. ನಾನು ಈ ಅಂಕಿಗಳನ್ನು ಓದಿದ ದಿನ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಇದಕ್ಕೆ ಭಾರೀ ಕಸರತ್ತು ಬೇಕಿಲ್ಲ, ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆ ಬಿರುಸಾದ ನಡಿಗೆ ಇದ್ದರೂ ಹೆಚ್ಚು ಕಮ್ಮಿ ಅಷ್ಟಾಗುತ್ತದೆ.

ಅದು ಕೀಮೋ ಮುಗಿದ ಮೇಲಿನ ಅಧ್ಯಯನ ಅನ್ನೋದು ನೆನಪಿರಲಿ. ಈಗ ಡಾಕ್ಟರನ್ನು ಕೇಳಿ ಸಣ್ಣದಾಗಿ ಶುರು ಮಾಡಲಿ. ಹತ್ತು ನಿಮಿಷ ನಡಿಗೆ. ದಿನಕ್ಕೆ ಎರಡು ಹೊತ್ತು, ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಏಳೋದು, ಕೂರೋದು. ಆದ ತಕ್ಷಣ ಒಂದಿಷ್ಟು ಪ್ರೋಟೀನ್, ಮೊಟ್ಟೆಯೋ ಹಾಲೋ ಕಾಳೋ, ಹೊಟ್ಟೆ ಒಪ್ಪಿದ್ದು. ಒಂದು ನೋಟ್‌ಬುಕ್ಕಿನಲ್ಲಿ ಅವರೇ ಬರೆದಿಡಲಿ, ನೀವು ಬರೆಯಬೇಡಿ.


ಮತ್ತೆಬೆಳಕು

ನಾನೂ ಹಾಗೇ ಶುರು ಮಾಡಿದ್ದು. ಮೊದಲ ದಿನ ನನ್ನ ಲೆಕ್ಕ ಮೂರು. ಅಕ್ಕನದು ಎಷ್ಟು ಅಂತ ತಿಳಿಸಿ.


ನೀಲಿಛತ್ರಿ

ಡಾಕ್ಟರು ಆಗಬಹುದು ಅಂದರು. ಸಂಜೆ ಗ್ಲೌಸ್, ಕಿವಿಗೆ ಸ್ಕಾರ್ಫ್ ಎಲ್ಲ ಹಾಕಿಕೊಂಡು ಎಂಟು ನಿಮಿಷ ನಡೆದು ಬಂದಳು, ಭಾವ ಜೊತೆಗಿದ್ದರು. ಕುರ್ಚಿ ಲೆಕ್ಕ ನಾಲ್ಕು. ಐದನೆಯದಕ್ಕೆ ಕಾಲು ನಡುಗಿತು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ "4" ಅಂತ ಬರೆದು, ಪಕ್ಕದಲ್ಲಿ ಸಣ್ಣಗೆ "ಮತ್ತೆಬೆಳಕು 3" ಅಂತಲೂ ಬರೆದಿದ್ದಾಳೆ.